ಕ್ಯಾನಿನ ಮೇಲಿನ ಸೆರಗು

ಹಾಸನದ ಹೊರಗಿರುವ ನಮ್ಮ ಕಂಪನಿಯ ಗೇಟಿನ ಮೇಲೆ ಒಂದು ಬ್ಯಾನರ್ ಇದೆ. ಅದರಲ್ಲಿ ನಾವು ಮೂವರು ನಗುತ್ತಾ ನಿಂತಿದ್ದೇವೆ. ಎಡಕ್ಕೆ ನಾನು, ಬಲಕ್ಕೆ ಹೊಳೆನರಸೀಪುರದ ಭಾಯಿ, ನಡುವೆ ಅರಕಲಗೂಡು ತಾಲ್ಲೂಕಿನ ಹುಡುಗಿ. ಮುಂದೆ ನಾವೇ ಮಾಡಿದ ಹಾಲು ಕರೆಯುವ ಮಷೀನು. ಮೇಲೆ ದಪ್ಪಕ್ಷರದಲ್ಲಿ ‘ಬೇರೆ ಬೇರೆ ಜನ, ಒಂದೇ ಕನಸು’ ಎಂದು ಬರೆಸಿದ್ದಾರೆ. ದಿನಾ ಬೆಳಗ್ಗೆ ಅದರ ಕೆಳಗೆ ಸ್ಕೂಟರ್ ನಿಲ್ಲಿಸುವಾಗ ನನ್ನ ಮೈ ಉರಿಯುತ್ತದೆ. ಫೋಟೋದಲ್ಲಿ ನಟ್ಟನಡುವೆ ನಿಂತಿರುವ ಆ ಹುಡುಗಿಯನ್ನು, ತಾನೇ ಮಾಡಿದ ಮಷೀನು ಓಡುವ ಕೊಟ್ಟಿಗೆಯೊಳಗೆ ನಿಲ್ಲಲು ಬಿಡಲಿಲ್ಲ. ಬಿಡದವರ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ, ಅದನ್ನು ನೋಡಿಯೂ ಈ ಬ್ಯಾನರ್ ಕಟ್ಟಿಸಿದವರ ಮೇಲೆ ಅದಕ್ಕಿಂತ ಒಂದು ಕೈ ಹೆಚ್ಚೇ ಇದೆ.

ನಾನು ಚನ್ನರಾಯಪಟ್ಟಣದವಳು. ನಮ್ಮದು ದಿನಸಿ ಅಂಗಡಿಯ ಮನೆ. ವಿಭೂತಿ ಹಚ್ಚದೆ ಅಪ್ಪ ಗಲ್ಲಾಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಹಸು ಸಾಕಿದ ಮನೆಯಲ್ಲ. ಹಾಲು ಎಂದರೆ ನಮಗೆ ಪ್ಯಾಕೆಟ್ಟು. ಡಿಸೈನ್ ಓದಿ ಹೊರಗೆ ಕೆಲವು ವರ್ಷ ಬಾಟಲಿ, ಮುಚ್ಚಳ, ಮಿಕ್ಸಿಯ ಹಿಡಿ ಎಂದು ಮಾಡಿಕೊಂಡಿದ್ದ ನನಗೆ ಹಾಸನದಲ್ಲೇ ಕೆಲಸವಿದೆ ಎಂದು ಗೊತ್ತಾದಾಗ ಕುಣಿಯುವಷ್ಟು ಖುಷಿಯಾಗಿತ್ತು. ಮನೆಯಲ್ಲಿ ಮಾತ್ರ ‘ಇಷ್ಟು ಓದಿ ಹಸುವಿನ ಕೆಚ್ಚಲ ಹತ್ತಿರ ಕೂರ್ತೀಯಾ’ ಎಂದು ಮೂಗು ಮುರಿದರು.

ಕಂಪನಿ ನನ್ನನ್ನು ಕರೆದದ್ದಕ್ಕೆ ಕಾರಣವಿತ್ತು. ನಮ್ಮ ಮಾಲೀಕರು ಅದಕ್ಕೆ ಮೊದಲು ಒಂದು ಮಷೀನು ಮಾಡಿ ಕೈ ಸುಟ್ಟುಕೊಂಡಿದ್ದರು. ಅದರ ಕ್ಯಾನು ಗಾಜಿನ ಹಾಗೆ ಪಾರದರ್ಶಕ. ಹಾಲು ಬೀಳುವುದು, ನೊರೆ ಏಳುವುದು, ಕ್ಯಾನು ತುಂಬುತ್ತಾ ಬರುವುದು ಎಲ್ಲ ದೂರದಿಂದಲೇ ಕಾಣುತ್ತಿತ್ತು. ಎಲ್ಲೋ ಹೊರದೇಶದ ಮೇಳದಲ್ಲಿ ನೋಡಿ ಬಂದು ಮಾಡಿಸಿದ್ದು. ‘ನಿಮ್ಮ ಹಾಲು, ನಿಮ್ಮ ಕಣ್ಣ ಮುಂದೆ’ ಎಂದು ಜಾಹೀರಾತು ಬೇರೆ. ಕೊಂಡವರು ಕೆಲವರು, ಕೊಂಡು ಮೂಲೆಗೆ ಸೇರಿಸಿದವರೇ ಹೆಚ್ಚು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಅದನ್ನು ಮಾಡಿದ ಎಂಜಿನಿಯರುಗಳೆಲ್ಲ ಒಂದೇ ಹಾಸ್ಟೆಲಿನಲ್ಲಿ ಬೆಳೆದವರು, ಒಂದೇ ಜೋಕಿಗೆ ನಗುವವರು, ಊಟಕ್ಕೂ ಒಟ್ಟಿಗೇ ಹೋಗುವವರು. ರೈತರಿಗೆ ತಿಳಿವಳಿಕೆ ಸಾಲದು ಎಂದು ಒಕ್ಕೊರಲಿನಿಂದ ತೀರ್ಮಾನ ಕೊಟ್ಟು ಬೇರೆ ಕಂಪನಿಗಳಿಗೆ ಹೋದರು.

ಆಮೇಲೆ ಮಾಲೀಕರು ಬೆಂಗಳೂರಿಗೆ ಯಾವುದೋ ತರಬೇತಿಗೆ ಹೋಗಿ ಬಂದರು. ಬರುವಾಗ ಬಣ್ಣಬಣ್ಣದ ಅಂಟು ಚೀಟಿಗಳನ್ನೂ ‘ಇನ್ನೊವೇಶನ್’ ಎಂಬ ಮಾತನ್ನೂ ಹೊತ್ತು ತಂದರು. ಒಂದೇ ತರಹದ ಜನ ಕೂತರೆ ಒಂದೇ ತರಹದ ಯೋಚನೆ ಬರುತ್ತದೆ, ಬೇರೆ ಬೇರೆ ಹಿನ್ನೆಲೆಯವರನ್ನು ಕೂಡಿಸಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ಹಾಗೆ ಕೂಡಿಸಿದ್ದು ನಮ್ಮ ಮೂವರನ್ನು. ಭಾಯಿ ನಮಗಿಂತ ಹಿರಿಯರು, ಹೊಳೆನರಸೀಪುರದಲ್ಲಿ ಸ್ವಂತ ವೆಲ್ಡಿಂಗ್ ಅಂಗಡಿ ಇಟ್ಟಿದ್ದವರು. ಆ ಹುಡುಗಿ ರಾಮನಾಥಪುರದ ಕಡೆಯ ಹಳ್ಳಿಯವಳು. ಅವಳ ಅಜ್ಜನ ಕಾಲದಲ್ಲೇ ಮನೆಯವರು ಬೌದ್ಧರಾಗಿದ್ದರು. ಅಪ್ಪ ಅಮ್ಮ ಹೊಗೆಸೊಪ್ಪಿನ ಹೊಲಗಳಲ್ಲಿ ಕೂಲಿ ಮಾಡಿ, ಮನೆಯಲ್ಲೊಂದು ಸೀಮೆಹಸು ಸಾಕಿ ಅವಳನ್ನು ಎಲೆಕ್ಟ್ರಾನಿಕ್ಸ್ ಓದಿಸಿದ್ದರು. ತರಗತಿಗೇ ಮೊದಲು ಬಂದವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳನ್ನು ಭಾಯಿ ಬೇಟಿ ಎನ್ನುತ್ತಿದ್ದರು.

ಮೊದಲ ತಿಂಗಳು ಹಳ್ಳಿ ಸುತ್ತಿದೆವು. ಹಿರೀಸಾವೆಯ ಆಚೆ ಈಚೆ, ಕಟ್ಟಾಯ ಹೋಬಳಿ, ಅರಕಲಗೂಡಿನ ಕಡೆ. ಎಲ್ಲ ಕಡೆಯೂ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಡುವವರು. ಮನೆಯ ಯಜಮಾನರನ್ನು ಮಷೀನು ಹೇಗಿದೆ ಎಂದರೆ ‘ಚೆನ್ನಾಗದೆ ಸಾ’ ಎನ್ನುವುದು ಒಂದೇ ಉತ್ತರ. ಚೆನ್ನಾಗಿಲ್ಲದೆ ಏನು! ಆ ಪುಣ್ಯಾತ್ಮರು ಒಂದು ದಿನವೂ ಕೆಚ್ಚಲಿಗೆ ಕೈ ಹಾಕಿದವರಲ್ಲ. ಹಾಲು ಕರೆಯುವುದು ಹೆಂಗಸರು, ಮಷೀನಿನ ಬಗ್ಗೆ ಮಾತಾಡುವುದು ಗಂಡಸರು. ಹಳೆಯ ಎಂಜಿನಿಯರುಗಳು ಇವರನ್ನೇ ಕೇಳಿ ಬರೆದುಕೊಂಡು ಹೋಗಿದ್ದರು ಎಂದು ಗೊತ್ತಾದಾಗ ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಸರಿ, ಕರೆಯುವುದನ್ನು ಕಣ್ಣಾರೆ ನೋಡೋಣ ಎಂದರೆ ಅದಕ್ಕೂ ಬಿಡುವುದಿಲ್ಲ. ಹಾಲು ಕರೆಯುವ ಹೊತ್ತಿಗೆ ಹೊರಗಿನವರು ಕೊಟ್ಟಿಗೆಗೆ ಹೋಗಬಾರದು. ಕಣ್ಣು ಬೀಳುತ್ತದೆ, ಹಸು ಹಾಲು ಬಿಡುವುದಿಲ್ಲ, ಕೆಚ್ಚಲು ಬಾತುಕೊಳ್ಳುತ್ತದೆ. ನಮ್ಮ ಕಡೆ ಇದು ಮನೆಮನೆಯ ಮಾತು. ಹಾಗಾಗಿ ಒಳಗೆ ಮಷೀನು ಡಬಡಬ ಎನ್ನುತ್ತಿರುವಾಗ ಹೊರಗೆ ನಾವು ಮೂವರೂ ಸಾಲಾಗಿ ಕೂತು ಗೋಡೆ ನೋಡುತ್ತಿದ್ದೆವು. ಆಗ ನನಗೆ ಬೇಸರವಾಗುತ್ತಿತ್ತು, ಸಿಟ್ಟು ಬರುತ್ತಿರಲಿಲ್ಲ. ಬಾಗಿಲು ಮೂವರಿಗೂ ಒಂದೇ ಸಮ ಮುಚ್ಚಿತ್ತು.

ಹಾಗೆ ಕೂತಿದ್ದಾಗಲೇ ಒಂದು ಸಂಜೆ ಹಿರೀಸಾವೆಯ ಹತ್ತಿರದ ಮನೆಯೊಂದರಲ್ಲಿ ಹೆಂಗಸೊಬ್ಬಳು ನಮ್ಮ ಪಾರದರ್ಶಕ ಕ್ಯಾನನ್ನು ಕೊಟ್ಟಿಗೆಯಿಂದ ಅಡುಗೆಮನೆಗೆ ಒಯ್ದಳು. ಕ್ಯಾನಿಗೆ ಹಳೆಯ ಲಂಗದ ಬಟ್ಟೆ ಸುತ್ತಿತ್ತು. ಅದರ ಮೇಲೆ ಅವಳ ಸೆರಗು ಹೊದಿಸಿತ್ತು. ಸೆರಗಿನೊಳಗೆ ಮಗು ಎತ್ತಿಕೊಂಡವಳ ಹಾಗೆ ಅವಸರವಸರವಾಗಿ ದಾಟಿ ಹೋದಳು.

ವಾಪಸು ಬರುವಾಗ ವ್ಯಾನಿನಲ್ಲಿ ಅದೇ ಮಾತು. ಧೂಳು ಬೀಳದಿರಲಿ ಎಂದು ಸುತ್ತಿರಬೇಕು ಎಂದೆ ನಾನು. ಬಿಸಿಲಿಗೆ ಹಾಲು ಕೆಡದಿರಲಿ ಎಂದಿರಬೇಕು ಎಂದರು ಭಾಯಿ. ಹುಡುಗಿ ನಕ್ಕಳು.

“ಬೀದಿಯೋರ್ಗೆ ಕಾಣ್ದಿರ್ಲಿ ಅಂತ ಅಕ್ಕ. ನಮ್ಮವ್ವನೂ ಹಂಗೇ ಮುಚ್ಕೊಂಡು ಹೋಗೋದು. ನಾವು ಎಷ್ಟು ಹಾಲು ಅಂತ ತೋರ್ಸೋ ಕ್ಯಾನ್ ಮಾಡ್ಬುಟ್ಟು ಕೊಂಡ್ಕೊಳ್ಳಿ ಅಂದ್ರೆ ಯಾರು ಕೊಂಡ್ಕೋತಾರೆ?”

ನಾನು ಒಪ್ಪಲಿಲ್ಲ. ಈ ಕಾಲದಲ್ಲೂ ಕಣ್ಣು ಬೀಳುವುದಕ್ಕೆ ಹೆದರಿ ಯಾರಾದರೂ ಒಳ್ಳೆಯ ಮಷೀನು ಬಿಡುತ್ತಾರೆಯೇ ಎಂದು ವಾದಿಸಿದೆ. ಭಾಯಿ ಸ್ಟೇರಿಂಗ್ ಹಿಡಿದುಕೊಂಡೇ, ತಮ್ಮ ಮನೆಯಲ್ಲಿ ಮೇಕೆ ಮರಿ ಹಾಕಿದರೆ ತಾಯಿ ಬಾಗಿಲಿಗೆ ಗೋಣಿ ಕಟ್ಟುತ್ತಿದ್ದುದನ್ನು ಹೇಳಿದರು. ಆಗ ನನಗೂ ನಮ್ಮ ಅಂಗಡಿಯ ನೆನಪಾಯಿತು. ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟದೆ ಅಪ್ಪ ಎಂದೂ ಶನಿವಾರ ವ್ಯಾಪಾರ ಶುರು ಮಾಡಿದವರಲ್ಲ. ಲಾರಿಯಿಂದ ಇಳಿಯುವ ಮೂಟೆಯನ್ನು ಎದುರು ಅಂಗಡಿಯವರು ನೋಡುತ್ತಿದ್ದರೆ ‘ಬೇಗ ಒಳಗೆ ಹಾಕ್ರೋ’ ಎಂದು ಕೂಗುತ್ತಿದ್ದರು. ನಾನೂ ಅದೇ ಮನೆಯ ಮಗಳು, ಈಗ ದೊಡ್ಡ ಬುದ್ಧಿವಂತೆ. ಮೂವರೂ ನಕ್ಕೆವು. ಮೂರು ಮನೆ, ಮೂರು ಧರ್ಮ, ಹೆದರಿಕೆ ಮಾತ್ರ ಒಂದೇ. ಒಬ್ಬಳೇ ಇದ್ದಿದ್ದರೆ ನಾನು ಮೂಢನಂಬಿಕೆ ಎಂದು ಒಂದು ಗೆರೆ ಬರೆದು ಮುಂದಕ್ಕೆ ಹೋಗುತ್ತಿದ್ದೆ, ಹಳೆಯ ಎಂಜಿನಿಯರುಗಳು ಹೋದ ಹಾಗೆ.

ಹೊಸ ಮಷೀನು ಹುಟ್ಟಿದ್ದು ಆ ವ್ಯಾನಿನಲ್ಲಿ. ಸ್ಟೀಲಿನ ಕ್ಯಾನು, ಕರೆಯುವವಳ ಕಡೆಗೆ ಮಾತ್ರ ಒಂದು ಸಣ್ಣ ಸೀಳು ಕಿಂಡಿ, ಅದಕ್ಕೊಂದು ರೆಪ್ಪೆಯಂಥ ಮುಚ್ಚಳ. ಎಷ್ಟು ತುಂಬಿತು ಎಂದು ಅವಳಿಗೆ ಕಂಡರೆ ಸಾಕು. ಬೀದಿಗೆಲ್ಲ ಡಂಗುರ ಹೊಡೆಯುವ ಮೋಟರನ್ನು ಭಾಯಿ ಕೊಟ್ಟಿಗೆಯಿಂದ ದೂರ ಇಡುವಂತೆ ಉದ್ದನೆಯ ಪೈಪು ಹಾಕಿ, ಸದ್ದು ತಗ್ಗಿಸುವ ಪೆಟ್ಟಿಗೆಯಲ್ಲಿ ಕೂರಿಸಿದರು. ಹುಡುಗಿ ಮಾಡಿದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ಕೆಚ್ಚಲಿಗೆ ಹಾಕುವ ರಬ್ಬರಿನ ಕಪ್ಪುಗಳು ಒಂದು ಲಯದಲ್ಲಿ ಹಿಂಡಿ ಬಿಡಬೇಕು. ಹಳೆಯದರಲ್ಲಿ ಆ ಲಯ ಶುರುವಿನಿಂದ ಕೊನೆಯವರೆಗೆ ಒಂದೇ. ಅವಳದು ನಿಧಾನ ಶುರುವಾಗಿ, ಹಾಲು ಇಳಿದ ಮೇಲೆ ಬಿರುಸಾಗುತ್ತದೆ. ಹಸುವಿಗೆ ತಕ್ಕ ಹಾಗೆ ಲಯ ಬದಲಿಸಲು ಒಂದು ತಿರುಗಣೆ. ಕಾರ್ಖಾನೆಯವರು ಅದಕ್ಕೆ ತಾಳದ ಡಬ್ಬಿ ಎಂದು ಹೆಸರಿಟ್ಟರು. ನಾನು ಚಿತ್ರ ಬರೆಯುವುದು, ಭಾಯಿ ಬೆಸೆಯುವುದು, ಅವಳು ತಂತಿ ಜೋಡಿಸುವುದು, ಮೂವರೂ ಕೂಡಿ ಜಗಳವಾಡುವುದು. ನನ್ನ ಕೆಲಸದ ಜೀವನದಲ್ಲಿ ಅಷ್ಟು ಒಳ್ಳೆಯ ದಿನಗಳು ಮತ್ತೆ ಬಂದಿಲ್ಲ.

ಮಷೀನು ನಡೆಯಿತು. ಚನ್ನರಾಯಪಟ್ಟಣದ ಕೃಷಿ ಮೇಳದಲ್ಲಿ ನಮ್ಮ ಮಳಿಗೆಯ ಮುಂದೆ ಹೆಂಗಸರು ಮುತ್ತಿಕೊಂಡು, ಕಿಂಡಿಯ ಮುಚ್ಚಳ ತೆಗೆದು ಮುಚ್ಚಿ, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾರೂ ಅವರಿಗೆ ವಿವರಿಸಬೇಕಾಗಲಿಲ್ಲ. ಮಾಲೀಕರು ನಮ್ಮನ್ನು ಹೊಗಳಿ ಅಟ್ಟಕ್ಕೇರಿಸಿದರು. ಆಮೇಲೆ ಮನೆಮನೆಗೆ ಹೋಗಿ ಓಡಿಸಿ ತೋರಿಸುವ ಕೆಲಸ ಶುರುವಾಯಿತು. ಮಷೀನು ತೋರಿಸುವುದಕ್ಕೆ ಕೊಟ್ಟಿಗೆಯ ಒಳಗೆ ಹೋಗಲೇಬೇಕು. ಮನೆಯವರೂ ಅದಕ್ಕೆ ಒಪ್ಪುತ್ತಿದ್ದರು. ಮೆಲ್ಲಗೆ ಬಾಗಿಲು ತೆರೆಯಿತು. ಎಲ್ಲರಿಗೂ ತೆರೆಯಿತು ಎಂದುಕೊಂಡಿದ್ದೆ.

ಕಟ್ಟಾಯ ಹೋಬಳಿಯ ಆ ಮನೆ ದೊಡ್ಡದು. ಆಲೂಗೆಡ್ಡೆ, ಜೋಳದ ಹೊಲ, ಕೊಟ್ಟಿಗೆ ತುಂಬ ಸೀಮೆಹಸು. ಇವರು ಕೊಂಡರೆ ಬೀದಿಯೇ ಕೊಳ್ಳುತ್ತದೆ ಎಂದು ಮಾಲೀಕರು ಹತ್ತು ಸಲ ಹೇಳಿ ಕಳಿಸಿದ್ದರು. ಸಂಜೆ ಕರೆಯುವ ಹೊತ್ತಿಗೆ ಹೋದೆವು. ಮನೆಯಾಕೆ ನಗುಮುಖದವಳು, ಮಾತುಗಾರ್ತಿ. ನನ್ನ ಊರು ಕೇಳಿದಳು, ಹಣೆಯ ವಿಭೂತಿ ನೋಡಿದಳು, ಮುಂದಕ್ಕೆ ಏನೂ ಕೇಳಲಿಲ್ಲ. ಭಾಯಿಯ ಗಡ್ಡ ನೋಡಿದಳು, ಅವರನ್ನೂ ಏನೂ ಕೇಳಲಿಲ್ಲ. ಹುಡುಗಿಯ ಕಡೆ ತಿರುಗಿದಳು.

“ನಿಮ್ದು ಯಾವೂರವ್ವ?”

“ರಾಮನಾಥಪುರದ ತಾವ.”

“ಓ, ಅಲ್ಲಿ ನಮ್ ನೆಂಟ್ರವ್ರೆ. ನೀವು ಯಾರ ಪೈಕಿ?”

“ನಾವು ಬೌದ್ಧರು ಅಕ್ಕ.”

“ಅಂಗಂದ್ರೆ?” ಎಂದ ಮನೆಯಾಕೆ ಮರುಕ್ಷಣವೇ ತಾನಾಗಿ ಅರ್ಥ ಮಾಡಿಕೊಂಡಳು. ಮುಖದ ನಗು ಹಾಗೇ ಇತ್ತು. ಹುಡುಗಿ ಆಗಲೇ ಚಪ್ಪಲಿ ಬಿಟ್ಟು, ತಾಳದ ಡಬ್ಬಿ ಕೈಯಲ್ಲಿ ಹಿಡಿದು ಕೊಟ್ಟಿಗೆಯ ಹೊಸಿಲ ಬಳಿ ನಿಂತಿದ್ದಳು. ಮನೆಯಾಕೆ ಅಡ್ಡ ಬಂದಳು.

“ಆಲು ಕರೆಯೋವಾಗ ಒರಗ್ನೋರು ನೋಡ್ಬಾರ್ದು ಕಣವ್ವ. ದೃಷ್ಟಿ ಆಯ್ತದೆ. ನೀನು ಇಲ್ಲೇ ಇರು, ಅವ್ರು ಓಗ್ಲಿ.”

ನಾನು ಹೊರಗಿನವಳಲ್ಲವೇ? ಭಾಯಿ ಹೊರಗಿನವರಲ್ಲವೇ? ಬೆಳಗ್ಗೆ ಸೂಜಿ ಹಾಕಲು ಬಂದಿದ್ದ ಪಶುವೈದ್ಯರ ಸಹಾಯಕ ಅದೇ ಕೊಟ್ಟಿಗೆಯಲ್ಲಿ ನಿಂತು ಹೋಗಿದ್ದನಂತೆ, ಅವನು ಯಾರು? ನಮ್ಮೆಲ್ಲರ ಕಣ್ಣು ತಂಪು, ಅವಳೊಬ್ಬಳ ಕಣ್ಣು ಕೆಟ್ಟದ್ದು! ಯಾವ ನಂಬಿಕೆಗೆ ಮರ್ಯಾದೆ ಕೊಟ್ಟು ನಾವು ಕ್ಯಾನಿಗೆ ಮುಚ್ಚಳ ಮಾಡಿದ್ದೆವೋ ಅದೇ ನಂಬಿಕೆಯನ್ನು ತೆಗೆದು ಅವಳ ಮುಖಕ್ಕೆ ಅಡ್ಡ ಹಿಡಿದರು. ಬಾಯಿಬಿಟ್ಟು ಜಾತಿ ಎನ್ನುವ ಪ್ರಾಮಾಣಿಕತೆಯೂ ಇಲ್ಲ.

“ಈ ಮಷೀನ್ ಮಾಡಿದ್ದೇ ಇವಳು,” ಎಂದೆ.

“ಮಾಡಿರ್ಲಿ ಬುಡವ್ವ, ಯಾರು ಬ್ಯಾಡ ಅಂದ್ರು? ಒಳ್ಳೇದೇ ಆಯ್ತು. ಕರೆಯೋವಾಗ ಮಾತ್ರ ಬ್ಯಾಡ.”

ಹುಡುಗಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಒಳಗೆ ಕಪ್ಪು ಹಾಕಿದ ಕೂಡಲೇ ಹಸು ಒದೆಯತೊಡಗಿತು. ಲಯ ಅದಕ್ಕೆ ಹಿಡಿಸಲಿಲ್ಲ. ಎಷ್ಟು ತಿರುಗಿಸಬೇಕೆಂದು ನನಗೆ ತಿಳಿಯದು, ಭಾಯಿಗೂ ತಿಳಿಯದು. ಗೋಡೆಯ ಆಚೆಯಿಂದ ಅವಳು ಕೂಗಿದಳು: “ಅಕ್ಕ, ಕಾಲು ಎತ್ತಿ ಇಡ್ತಾ ಇದ್ಯಾ, ಇಲ್ಲ ಜಾಡಿಸ್ತಾ ಇದ್ಯಾ?” ಜಾಡಿಸುತ್ತಿದೆ ಎಂದು ನಾನು ಕೂಗಿದೆ. “ಎಡಕ್ಕೆ ತಿರುಗ್ಸಿ. ಇನ್ನೂ. ಸಾಕು, ಈಗ ಸುಮ್ನೆ ಬಿಡಿ.” ಹಸು ನಿಂತಿತು, ಹಾಲು ಬಿಟ್ಟಿತು. ಮನೆಯ ಯಜಮಾನ ‘ಏನ್ ಮಿಷನ್ ಸಾ!’ ಎಂದು ಭಾಯಿಯ ಬೆನ್ನು ತಟ್ಟಿದ. ಗೋಡೆಯ ಆಚೆಯ ದನಿಯನ್ನು ಅವನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

ಹೊರಗೆ ಬಂದಾಗ ಕಾಫಿ ತಂದಿದ್ದರು. ನನಗೆ ಸ್ಟೀಲಿನ ಲೋಟ. ಭಾಯಿಗೂ ಅವಳಿಗೂ ಯಾವುದೋ ಮದುವೆಯಲ್ಲಿ ಉಳಿದ ಪೇಪರ್ ಲೋಟ. ಭಾಯಿ ಕೊಟ್ಟಿಗೆಯೊಳಗೆ ಬರಬಹುದು, ಲೋಟ ಮುಟ್ಟಬಾರದು. ಅವಳು ಕೊಟ್ಟಿಗೆಯೊಳಗೂ ಬರಬಾರದು. ಇಂಥ ನಾಜೂಕಾದ ಗೆರೆಗಳನ್ನು ಎಳೆಯಲು ನಮ್ಮ ಜನಕ್ಕೆ ಯಾವ ಡಿಸೈನ್ ಶಾಲೆಯೂ ಕಲಿಸಿಕೊಡಬೇಕಾಗಿಲ್ಲ. ನಾನು ಕಾಫಿ ಮುಟ್ಟದೆ ಎದ್ದೆ. ಮಷೀನು ಬಿಚ್ಚಿ ವ್ಯಾನಿಗೆ ಹಾಕಿ ಎಂದು ಭಾಯಿಗೆ ಹೇಳಿದೆ. ಯಜಮಾನ ಮುಂಗಡ ಕೊಡಲು ಬಂದರೂ ನಿಲ್ಲಲಿಲ್ಲ.

ಮಾರನೆಯ ದಿನ ಮಾಲೀಕರು ನಮ್ಮ ಮೂವರನ್ನೂ ಕರೆಸಿದರು. ಯಜಮಾನ ಅವರಿಗೆ ಫೋನ್ ಮಾಡಿ, ಆರ್ಡರ್ ಕೊಟ್ಟು, ನನ್ನ ದುಡುಕುತನದ ಬಗ್ಗೆಯೂ ಹೇಳಿದ್ದ. ಮಾಲೀಕರು ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಎದ್ದು ಬರಬಹುದಿತ್ತು.

“ನಾನು ಜಾತಿ ನೋಡಲ್ಲ ಮೇಡಂ, ನಿಮಗೆ ಗೊತ್ತು. ಕಸ್ಟಮರ್ ನೋಡ್ತಾನೆ. ನಾವೇನು ಸಮಾಜ ತಿದ್ದಕ್ಕೆ ಕೂತಿದೀವಾ? ಮಷೀನ್ ಮಾರಕ್ಕೆ ಕೂತಿದೀವಿ.”

“ಸಮಾಜ ಬೇಡ ಸಾರ್. ನಮ್ಮ ಟೀಮಿನವರು ಒಳಗೆ ಬರದಿದ್ದರೆ ಮಷೀನೂ ಒಳಗೆ ಬರಲ್ಲ ಅಂತ ಒಂದು ಮಾತು ಹೇಳಿ, ಸಾಕು.”

ಅವರು ಆ ಮಾತನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಾವು ಯೋಚಿಸಿಟ್ಟಿದ್ದ ಉಪಾಯ ಹೊರತೆಗೆದರು. ಹುಡುಗಿ ಇನ್ನು ಮುಂದೆ ಆಫೀಸಿನಲ್ಲೇ ಇರಲಿ. ಎಸಿ ರೂಮು, ದೊಡ್ಡ ಮೇಜು, ಕಾರ್ಡಿನ ಮೇಲೆ ದೊಡ್ಡ ಹುದ್ದೆ. ಓಡಾಟದ ಕಷ್ಟವಿಲ್ಲ, ಅವಮಾನವಿಲ್ಲ. ಎಲ್ಲವೂ ಅವಳ ಒಳ್ಳೆಯದಕ್ಕೇ. ಅವಮಾನ ಮಾಡಿದವರನ್ನು ಬಿಟ್ಟು ಅವಮಾನವಾದವಳನ್ನೇ ಬಚ್ಚಿಡುವ ಈ ಉಪಾಯವನ್ನು ಕೇಳಿ ನನ್ನ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

“ಆಗಲ್ಲ ಸಾ. ಹಸು ಯಾಕೆ ಒದೀತದೆ ಅಂತ ಆಫೀಸಲ್ಲಿ ಗೊತ್ತಾಗಲ್ಲ. ನಾನು ಮಾಡಿದ ಮಷೀನ್ ಹೋಗೋ ಕಡೆಗೆಲ್ಲ ನಾನೂ ಹೋಯ್ತೀನಿ. ಅವ್ರು ಬಿಡದಿದ್ರೆ ಹೊರಗೆ ನಿಂತ್ಕೋತೀನಿ. ಎಲ್ಲಾರ್ಗೂ ಕಾಣೋ ಹಂಗೆ ನಿಂತ್ಕೋತೀನಿ. ಬಚ್ಚಿಟ್ಕೊಳ್ಳಲ್ಲ. ಬ್ಯಾಡ ಅಂದ್ರೆ ಈಗ್ಲೇ ಹೇಳಿ, ಕೆಲಸ ಬುಟ್ಟು ಊರಿಗೆ ಹೋಯ್ತೀನಿ.”

ಭಾಯಿ ಮೆಲ್ಲಗೆ, “ಬೇಟಿ ಹೋದ್ರೆ ನಾನೂ ಹೋಯ್ತೀನಿ ಸಾಬ್,” ಎಂದರು. ನಾನು ಹೇಳುವುದೇ ಬೇಕಿರಲಿಲ್ಲ, ನನ್ನ ಮುಖ ನೋಡಿದರೆ ಸಾಕಿತ್ತು. ಮಾಲೀಕರು ಸೋತರು. ಸೋತವರು ಸುಮ್ಮನಿರಬಾರದೇ? ಮುಂದಿನ ವಾರವೇ ಫೋಟೋದವನನ್ನು ಕರೆಸಿ, ಅವಳನ್ನು ನಡುವೆ ನಿಲ್ಲಿಸಿ ಆ ಬ್ಯಾನರ್ ಮಾಡಿಸಿದರು. ಹಾಸನದಲ್ಲಿ ಉದ್ಯಮಿಗಳ ಸಭೆಯೊಂದರಲ್ಲಿ ಅದನ್ನೇ ಪರದೆಯ ಮೇಲೆ ಹಾಕಿ ಮಾತಾಡಿದರಂತೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಬೇರೆ ಬೇರೆ ಜನ ಕೂಡಿದರೆ ಹೊಸತು ಹುಟ್ಟುತ್ತದೆ ಎಂದು ಹೇಳಿದರಂತೆ. ಅದೇನೂ ಸುಳ್ಳಲ್ಲ. ಅದು ಹುಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ನನಗೆ ಇಷ್ಟು ಸಂಕಟ. ಕೂಡಿಸುವ ಆಸೆ ಇವರಿಗೆಲ್ಲ ಇದೆ. ಕೂಡಿದವರ ಜೊತೆಗೆ ನಿಲ್ಲಬೇಕಾದ ಹೊತ್ತಿಗೆ ಮಾತ್ರ ಕಸ್ಟಮರ್ ನೆನಪಾಗುತ್ತಾನೆ.

ಆಮೇಲೆ ಅವಳು ಎಲ್ಲ ಕಡೆಗೂ ಬಂದಳು. ಕೆಲವು ಮನೆಗಳಲ್ಲಿ ಏನೂ ಕೇಳದೆ ಒಳಗೆ ಬಿಟ್ಟರು, ಸ್ಟೀಲಿನ ಲೋಟದಲ್ಲೇ ಕಾಫಿ ಕೊಟ್ಟರು. ಹೊಳೆನರಸೀಪುರದ ಬಳಿಯ ಅಜ್ಜಿಯೊಬ್ಬಳು ಅವಳ ಕೈಗೆ ಬಳೆ ತೊಡಿಸಿ ಕಳಿಸಿದಳು. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೆಲವು ಕಡೆ ಅವಳು ಹೊರಗೆ ನಿಂತಳು. ನಿಂತಾಗಲೆಲ್ಲ ಅಂಗಳದ ನಡುವೆ, ಬೀದಿಗೆ ಕಾಣುವ ಹಾಗೆ, ಕೈಕಟ್ಟಿ ನಿಂತಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಾಯದ ಅದೇ ಮನೆಯಿಂದ ಫೋನ್ ಬಂತು. ಆರ್ಡರಿನಂತೆ ಮಾಲೀಕರು ಕಳಿಸಿಕೊಟ್ಟಿದ್ದ ಮಷೀನು ನಿಂತುಹೋಗಿದೆ. ಮನೆಯಾಕೆಗೆ ಕೈಯಲ್ಲಿ ಕರೆಯುವ ಅಭ್ಯಾಸ ತಪ್ಪಿದೆ, ಅಷ್ಟು ಹಸುಗಳನ್ನು ಒಬ್ಬಳೇ ಕರೆಯಲಾರಳು. ಅದರಲ್ಲೂ ಕರು ಹಾಕಿ ತಿಂಗಳಾದ ಹಸು ಕೆಚ್ಚಲು ಬಿಗಿದು ಕೂಗುತ್ತಿದೆ. “ಯಾರಾದ್ರೂ ಬನ್ನಿ ಕಣವ್ವ, ಬೇಗ ಬನ್ನಿ,” ಎಂದು ಅಳುದನಿಯಲ್ಲಿ ಹೇಳಿದಳು. ಹೋಗುವುದು ಬೇಡ ಎಂದು ನಾನು ಹಟ ಹಿಡಿದೆ. ಹುಡುಗಿ ಆಗಲೇ ಪಾನಾ, ಸ್ಕ್ರೂಡ್ರೈವರ್ ಚೀಲಕ್ಕೆ ತುಂಬಿದ್ದಳು. “ಹಸು ಏನ್ ಮಾಡ್ತು ಅಕ್ಕ?” ಎಂದಳು, ಅಷ್ಟೇ.

ಸಂಜೆಯ ಬಿಸಿಲು ಇನ್ನೂ ಇತ್ತು. ಮನೆಯಾಕೆ ಗೇಟಿನವರೆಗೂ ಓಡಿ ಬಂದಳು. “ಒಳೀಕೆ ಬಾರವ್ವ,” ಎಂದು ಈ ಸಲ ಹುಡುಗಿಯನ್ನೇ ಕರೆದಳು. ಹುಡುಗಿ ಅಂಗಳದ ನಡುವೆಯೇ ನಿಂತುಬಿಟ್ಟಳು.

“ಕರೆಯೋವಾಗ ಹೊರಗ್ನೋರು ಒಳಗೆ ಬರಬಾರ್ದು ಅಂತ ನೀವೇ ಹೇಳಿದ್ರಲ್ಲ ಅಕ್ಕ. ನಿಮ್ಮ ಮನೆ ಪದ್ಧತಿ ನಾನ್ಯಾಕೆ ಕೆಡಿಸ್ಲಿ? ಹಸುನೇ ಈಚೆಗೆ ತನ್ನಿ.”

ಮನೆಯಾಕೆ ನನ್ನ ಮುಖ ನೋಡಿದಳು. ನಾನು ಎಲ್ಲೋ ನೋಡಿದೆ. ಒಳಗೆ ಹಸು ಮತ್ತೆ ಕೂಗಿತು. ಬೇರೆ ದಾರಿಯಿಲ್ಲದೆ ಹಗ್ಗ ಬಿಚ್ಚಿ ಹಸುವನ್ನು ಅಂಗಳಕ್ಕೆ ತಂದಳು. ಭಾಯಿ ಮಷೀನು ಹೊತ್ತು ತಂದರು. ತಾಳದ ಡಬ್ಬಿಯೊಳಗೆ ಒಂದು ತಂತಿಯನ್ನು ಇಲಿ ಕಡಿದಿತ್ತು. ಹುಡುಗಿ ಕೂತು ಜೋಡಿಸಿದಳು. ಅಷ್ಟರಲ್ಲಿ ಎದುರು ಮನೆಯ ಜಗಲಿ ತುಂಬಿತ್ತು. ಮನೆಯಾಕೆಗೆ ತಡೆಯಲಾಗಲಿಲ್ಲ. ಒಳಗಿನಿಂದ ಜಮಖಾನ ತಂದು, ಒಂದು ತುದಿ ನನ್ನ ಕೈಗೆ, ಇನ್ನೊಂದು ತುದಿ ಭಾಯಿಯ ಕೈಗೆ ಕೊಟ್ಟು ಬೀದಿಗೆ ಅಡ್ಡ ಹಿಡಿಸಿದಳು. ಮರೆಯ ಆ ಕಡೆ ಬೀದಿ, ಮರೆಯ ಈ ಕಡೆ ಹಸು, ಅದರ ಕೆಚ್ಚಲ ಬಳಿ ಕುಕ್ಕರಗಾಲಲ್ಲಿ ಮನೆಯಾಕೆ ಮತ್ತು ಹುಡುಗಿ.

ಇಬ್ಬರೂ ಹಸುವಿನ ಜೊತೆ ಮಾತಾಡಿದರು. ಹುಡುಗಿ ಬೆಚ್ಚನೆಯ ನೀರಲ್ಲಿ ಕೆಚ್ಚಲು ಒರೆಸಿದಳು, ಮನೆಯಾಕೆ ಕುತ್ತಿಗೆ ತುರಿಸಿದಳು. ಕಪ್ಪು ಹಾಕಿ, ತಾಳ ನಿಧಾನ ಮಾಡಿ ಕಾದರು. ಹಾಲು ಇಳಿದಾಗ ಮನೆಯಾಕೆ ನಿಟ್ಟುಸಿರು ಬಿಟ್ಟು, “ಬದುಕ್ದೆ ಕಣ್ ತಾಯಿ,” ಎಂದು ಹುಡುಗಿಯ ಭುಜ ಹಿಡಿದುಕೊಂಡಳು. ಹುಡುಗಿ ಕಿಂಡಿಯ ಮುಚ್ಚಳ ಎತ್ತಿ ತೋರಿಸಿದಳು. ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿ ನಕ್ಕರು. ಜಮಖಾನ ಹಿಡಿದು ನನ್ನ ಕೈ ಸೋತಿತ್ತು. ಆದರೂ ನನ್ನ ಸಿಟ್ಟು ಅರ್ಧ ಇಳಿಯಿತು. ಸಾಕು, ಕಲಿತಳು ಎಂದುಕೊಂಡೆ.

ಉಳಿದ ಹಸುಗಳನ್ನು ಕರೆಯಲು ಮಷೀನನ್ನು ಇನ್ನೊಂದು ಕ್ಯಾನಿನ ಜೊತೆ ಭಾಯಿ ಒಳಗೆ ಕೂರಿಸಿ ಬಂದರು. ಈ ಹಸುವನ್ನು ಮನೆಯಾಕೆ ಒಳಗೆ ಕಟ್ಟಿದಳು. ಕ್ಯಾನು ಕೊಟ್ಟಿಗೆಯ ಹೊಸಿಲ ಮೇಲಿತ್ತು, ಡೈರಿಗೆ ಹೋಗಬೇಕಾದ ಹಾಲು. ನಾವು ವ್ಯಾನು ಹತ್ತುವಾಗ ಮನೆಯಾಕೆ ಬಿಂದಿಗೆ ತಂದಳು. ಹುಡುಗಿ ಕೂತಿದ್ದ ಜಾಗಕ್ಕೆ ನೀರು ಸುರಿದು, ಪೊರಕೆಯಿಂದ ಉಜ್ಜಿದಳು.

“ಸಗಣಿ ಇರಬೇಕು,” ಎಂದರು ಭಾಯಿ, ಯಾರ ಮುಖವನ್ನೂ ನೋಡದೆ.

ಸಗಣಿ ಇರಲಿಲ್ಲ. ಹಸು ಅಲ್ಲಿ ಸಗಣಿ ಹಾಕಿರಲಿಲ್ಲ, ಗಂಜಲ ಹುಯ್ದಿರಲಿಲ್ಲ. ನಾನು ಅಷ್ಟು ಹೊತ್ತೂ ಅಲ್ಲೇ ನಿಂತಿದ್ದವಳು. ಆ ಭುಜ ಹಿಡಿದ ಕೈಯಲ್ಲೇ ಪೊರಕೆ ಹಿಡಿದು ಉಜ್ಜುತ್ತಿದ್ದಳು. ನನಗೆ ಕೂಗಬೇಕೆನಿಸಿತು. ಹುಡುಗಿ ವ್ಯಾನಿನಿಂದ ಇಳಿದಳು. ಗೇಟು ದಾಟಿ, ಆ ಒದ್ದೆ ನೆಲದ ಮೇಲೆಯೇ ನಡೆದು ಹೋಗಿ ಮನೆಯಾಕೆಯ ಎದುರು ನಿಂತಳು. ದನಿ ಏರಿಸಲಿಲ್ಲ.

“ನೆಲ ತೊಳುದ್ರಿ, ಸರಿ ಅಕ್ಕ. ಕೆಚ್ಚಲು ಒರೆಸಿದ್ದು ನಾನು. ಕಪ್ಪು ಹಾಕಿದ್ದು ನಾನು. ಕಿಂಡಿ ತೆಗ್ದು ನೋಡ್ದೋಳೂ ನಾನೇ. ಹಾಲು ಏನ್ ಮಾಡ್ತೀರಾ, ಚೆಲ್ತೀರಾ?”

ಪೊರಕೆ ನಿಂತಿತು. ಎದುರು ಜಗಲಿಯವರು ಇತ್ತಲೇ ನೋಡುತ್ತಿದ್ದರು. ಹುಡುಗಿ ಉತ್ತರಕ್ಕೆ ಕಾದು ನಿಂತಳು. ಮನೆಯಾಕೆ ಒಮ್ಮೆ ಬೀದಿಯ ಕಡೆ, ಒಮ್ಮೆ ಹೊಸಿಲ ಮೇಲಿನ ಕ್ಯಾನಿನ ಕಡೆ ನೋಡಿದಳು. ಆಮೇಲೆ ಹೋಗಿ ಕ್ಯಾನನ್ನು ಎತ್ತಿಕೊಂಡು, ಅದರ ಮೇಲೆ ಸೆರಗು ಹೊದಿಸಿ, ಅವಸರವಸರವಾಗಿ ಒಳಗೆ ನಡೆದಳು.